ಟ್ರ್ಯಾಂಪೊಲಿನ್ ಎಂಬ ಪದ ನಡೆದು ಬಂದ ದಾರಿ

ಕೇಳುಗರಿಗೆ ನಮಸ್ಕಾರ.

2000ನೆಯ ಇಸವಿಯಲ್ಲಿ ಸಿಡ್ನಿ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಟ್ರ್ಯಾಂಪೊಲಿನ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಗಿ ಸೇರಿಕೊಂಡಿತು. ಪುರುಷರ ವಿಭಾಗದಲ್ಲಿ ಅಲೆಕ್ಸಾಂಡರ್ ಮೊಸ್ಕಲೆಂಕೊ, ಮಹಿಳೆಯರ ವಿಭಾಗದಲ್ಲಿ ಇರಿನಾ ಕರವಾಯೆವಾ ಚಿನ್ನ ಗೆದ್ದರು. ಇಬ್ಬರೂ ರಷ್ಯಾದವರು. ಪದಗಳ ಹುಟ್ಟು ಬೆಳವಣಿಗೆಯಲ್ಲಿ ಆಸಕ್ತಿ ಇರುವವರಿಗೆ ಇಲ್ಲೊಂದು ಸೊಗಸಾದ ಸಂಗತಿ ಕಾದಿದೆ. ಏನೆಂದರೆ, ಆ ಇಬ್ಬರು ವಿಜೇತರ ತಾಯ್ನುಡಿಯಲ್ಲಿ ಈ ಸಾಧನವನ್ನು ಟ್ರ್ಯಾಂಪೊಲಿನ್ ಎಂದು ಕರೆಯುವುದಿಲ್ಲ. ಬಾತುತ್ ಎಂದು ಕರೆಯುತ್ತಾರೆ. ಹಾಗೆಂದು ಟ್ರ್ಯಾಂಪೊಲಿನ್ ಎಂಬ ಪದದ ಬಳಗ ರಷ್ಯನ್ ಭಾಷೆಗೆ ಅಪರಿಚಿತವೂ ಅಲ್ಲ. ಅಲ್ಲಿ ತ್ರಾಂಪ್ಲಿನ್ ಎಂಬ ಪದವಿದೆ. ಆದರೆ ಅದನ್ನು ಕೇಳಿದ ರಷ್ಯನ್ನರ ಕಣ್ಣ ಮುಂದೆ ಬರುವುದು, ಹಿಮದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಜಾರಿ ಬಂದವರು ಗಾಳಿಗೆ ನೆಗೆಯುವ ಆ ಎತ್ತರದ ಕಟ್ಟೆ. ಹೀಗೆ ಒಂದೇ ಪದ ಒಂದು ಊರಿನಲ್ಲಿ ಬಟ್ಟೆಯ ಹಾಸು, ಇನ್ನೊಂದು ಊರಿನಲ್ಲಿ ಹಿಮದ ಕಟ್ಟೆ, ಮತ್ತೊಂದು ಊರಿನಲ್ಲಿ ಈಜುಕೊಳದ ಹಲಗೆ. ಈ ಪದ ಎಲ್ಲಿಂದ ಹೊರಟಿತು, ಯಾವ ಯಾವ ಬಾಗಿಲುಗಳನ್ನು ದಾಟಿ ನಮ್ಮ ಮಕ್ಕಳ ಬಾಯಿಗೆ ಬಂದಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲಿಗೆ ವಸ್ತುವನ್ನು ನೋಡೋಣ. ಟ್ರ್ಯಾಂಪೊಲಿನ್ ಎಂದರೆ ಉಕ್ಕಿನ ಚೌಕಟ್ಟು, ಅದರ ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಹಾಸು, ಹಾಸನ್ನೂ ಚೌಕಟ್ಟನ್ನೂ ಸುತ್ತಲೂ ಬೆಸೆಯುವ ಸುರುಳಿ ಸ್ಪ್ರಿಂಗ್‌ಗಳ ಸಾಲು. ಸ್ಪರ್ಧೆಗೆ ಬಳಸುವ ಹಾಸು 4.28 ಮೀಟರ್ ಉದ್ದ, 2.14 ಮೀಟರ್ ಅಗಲ ಇರುತ್ತದೆ. ನುರಿತವರು ಅದರ ಮೇಲಿನಿಂದ ಎಂಟು ಮೀಟರ್‌ವರೆಗೆ, ಎಂದರೆ ಎರಡು ಮಹಡಿಯ ಮನೆಯ ಎತ್ತರಕ್ಕೆ, ಚಿಮ್ಮಬಲ್ಲರು. ಹಾಸು ರಬ್ಬರಿನಂತೆ ಹಿಗ್ಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಗಟ್ಟಿಯಾದ ಕೃತಕ ನೂಲಿನಿಂದ ನೇಯ್ದ ಆ ಹಾಸು ಹಿಗ್ಗುವುದಿಲ್ಲವೆಂದೇ ಹೇಳಬಹುದು. ಹಿಗ್ಗುವುದು ಸುತ್ತಲಿನ ಸ್ಪ್ರಿಂಗ್‌ಗಳು. ಮೇಲಿನಿಂದ ಬಿದ್ದ ದೇಹದ ಭಾರಕ್ಕೆ ಸ್ಪ್ರಿಂಗ್‌ಗಳು ಎಳೆದುಕೊಂಡು, ಬಿದ್ದ ರಭಸವನ್ನೆಲ್ಲ ತಮ್ಮೊಳಗೆ ಹಿಡಿದಿಟ್ಟು, ಮರುಕ್ಷಣ ಅದನ್ನು ಪಾದಗಳಿಗೆ ಹಿಂತಿರುಗಿಸುತ್ತವೆ. ಹಾಸು ಅತ್ಯಂತ ಆಳಕ್ಕೆ ಇಳಿದ ಆ ಗಳಿಗೆಯಲ್ಲಿ ಆಟಗಾರ ಕಾಲುಗಳನ್ನು ನೇರವಾಗಿ ನೀಡಿ ಇನ್ನಷ್ಟು ಒತ್ತಿದರೆ, ಆ ಒತ್ತಡವೂ ಲೆಕ್ಕಕ್ಕೆ ಸೇರಿ ಮುಂದಿನ ನೆಗೆತ ಎತ್ತರವಾಗುತ್ತದೆ.

ಇದನ್ನು ನಾನು ಹತ್ತಿರದಿಂದ ಕಂಡದ್ದು ಯಾವ ಕ್ರೀಡಾಂಗಣದಲ್ಲಿಯೂ ಅಲ್ಲ, ನಮ್ಮೂರಿನ ಜಾತ್ರೆಯಲ್ಲಿ. ಕಬ್ಬಿಣದ ಕಂಬಗಳ ನಡುವೆ ಒಂದು ಕಪ್ಪು ಹಾಸು, ಸುತ್ತ ಬಲೆ. ಏಳೆಂಟು ವರ್ಷದ ಹುಡುಗನೊಬ್ಬ ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದ. ಮೇಲಕ್ಕೆ ಹಾರಬೇಕೆಂಬ ಆಸೆಯಲ್ಲಿ ಕೈಗಳನ್ನು ಎತ್ತಿ, ಕತ್ತನ್ನು ಚಾಚಿ, ಹಿಮ್ಮಡಿಗಳನ್ನು ಎಬ್ಬಿಸಿ ಏನೆಲ್ಲ ಮಾಡಿದರೂ ಅವನು ಒಂದು ಗೇಣಿಗಿಂತ ಮೇಲೆ ಏಳಲಿಲ್ಲ. ಪ್ರತಿ ಸಲ ಕೆಳಗೆ ಬಂದಾಗಲೂ ಭಯದಿಂದ ಮಂಡಿ ಮಡಚುತ್ತಿದ್ದ. ಮಂಡಿ ಮಡಚಿದರೆ ಹಾಸು ಕೊಟ್ಟ ಬಲವನ್ನು ಕಾಲುಗಳೇ ನುಂಗಿಬಿಡುತ್ತವೆ. ತರಬೇತಿಯಲ್ಲಿ ಚಿಮ್ಮುವುದನ್ನು ನಿಲ್ಲಿಸಲು ಹೇಳಿಕೊಡುವ ಉಪಾಯವೇ ಅದು. ಹೊರಗೆ ನಿಂತಿದ್ದ ಆಟದ ಮಾಲೀಕ ಕೂಗಿ ಹೇಳಿದ: ‘ಹಾರಬೇಡ ಮರಿ, ಮೆಟ್ಟು. ಜೋರಾಗಿ ಮೆಟ್ಟು.’ ಹುಡುಗ ಎರಡೂ ಪಾದಗಳನ್ನು ಊರಿ ಹಾಸನ್ನು ಮೆಟ್ಟಿದ. ಮೂರನೆಯ ಸಲಕ್ಕೆ ಅವನ ತಲೆ ಬಲೆಯ ಅಂಚಿನ ಮಟ್ಟಕ್ಕೆ ಬಂದಿತ್ತು. ಆ ಮಾಲೀಕ ಆಡಿದ ‘ಮೆಟ್ಟು’ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಟ್ರ್ಯಾಂಪೊಲಿನ್ ಎಂಬ ಪದದ ಬೇರಿನಲ್ಲಿ ಇರುವುದೂ ಅದೇ ಅರ್ಥ.

ಬೇರು ಇರುವುದು ಜರ್ಮಾನಿಕ್ ಭಾಷೆಗಳಲ್ಲಿ. ಕಾಲನ್ನು ನೆಲಕ್ಕೆ ಅಪ್ಪಳಿಸುವುದು, ತುಳಿಯುವುದು, ಮೆಟ್ಟುವುದು ಎಂಬ ಅರ್ಥದ ‘ಟ್ರಂಪ್’, ‘ಟ್ರಾಂಪ್’ ಎಂಬ ಧಾತು ಆ ಕುಟುಂಬದ ಹಲವು ಭಾಷೆಗಳಲ್ಲಿ ಹರಡಿಕೊಂಡಿದೆ. ಉತ್ತರ ಜರ್ಮನಿಯ ತಗ್ಗುನಾಡಿನ ಭಾಷೆಯಲ್ಲಿ ಟ್ರಾಂಪೆಲ್ನ್ ಎಂದರೆ ತುಳಿದಾಡುವುದು. ಇಂಗ್ಲಿಷಿನಲ್ಲಿ ಟ್ರ್ಯಾಂಪಲ್ ಎಂದರೆ ತುಳಿಯುವುದು. ಟ್ರ್ಯಾಂಪ್ ಎಂದರೆ ಭಾರವಾದ ಹೆಜ್ಜೆ ಹಾಕುತ್ತ ನಡೆಯುವುದು, ಹಾಗೆ ಊರೂರು ನಡೆದು ತಿರುಗುವ ಅಲೆಮಾರಿಗೂ ಅದೇ ಹೆಸರು. ನ್ಯೂಜಿಲೆಂಡಿನಲ್ಲಿ ಇಂದಿಗೂ ಕಾಡುಗುಡ್ಡಗಳಲ್ಲಿ ಚಾರಣ ಹೋಗುವುದನ್ನು ಟ್ರ್ಯಾಂಪಿಂಗ್ ಎನ್ನುತ್ತಾರೆ. ಈ ಬಳಗದ ಅತ್ಯಂತ ಹಳೆಯ ಸಾಕ್ಷಿಯೊಂದು ಗೋಥಿಕ್ ಭಾಷೆಯಲ್ಲಿ ಉಳಿದಿದೆ. 4ನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಗೋಥರಿಗಾಗಿ ಮಾಡಿದ ಬೈಬಲ್ ಅನುವಾದದಲ್ಲಿ, ಲೂಕನ ಸುವಾರ್ತೆಯ ಐದನೆಯ ಅಧ್ಯಾಯದ ಆರಂಭದಲ್ಲಿ, ಸರೋವರದ ದಡದಲ್ಲಿ ನಿಂತಿದ್ದ ಯೇಸುವಿನ ಮಾತು ಕೇಳಲು ಜನ ಮುಗಿಬಿದ್ದರು ಎಂಬ ವಾಕ್ಯವಿದೆ. ಆ ‘ಮುಗಿಬಿದ್ದರು’, ‘ಮೇಲೊತ್ತಿ ಬಂದರು’ ಎಂಬಲ್ಲಿ ಗೋಥಿಕ್ ಪಠ್ಯ ಬಳಸಿರುವುದು ‘ಅನಾಟ್ರಾಂಪ್’ ಎಂಬ ಕ್ರಿಯಾಪದ. ಒತ್ತುವುದು, ಮೇಲೆ ಬಿದ್ದು ಅಮುಕುವುದು ಅದರ ಅರ್ಥ. ಮಕ್ಕಳು ನಗುತ್ತ ಕುಣಿಯುವ ಒಂದು ಆಟದ ಹೆಸರಿನ ಹಿಂದೆ, ಸುಮಾರು 1600 ವರ್ಷಗಳ ಹಿಂದಿನ ಒಂದು ಸರೋವರದ ದಡದ ನೂಕುನುಗ್ಗಲು ನಿಂತಿರುವುದನ್ನು ನೆನೆದಾಗ ನನಗೆ ಈಗಲೂ ಮೈನವಿರೇಳುತ್ತದೆ.

ಈ ಜರ್ಮಾನಿಕ್ ಬೇರು ಆಲ್ಪ್ಸ್ ಪರ್ವತದ ದಕ್ಷಿಣಕ್ಕೆ ಬಂದು ಇಟಾಲಿಯನ್ ಭಾಷೆಯೊಳಗೆ ಹೊಕ್ಕಾಗ ಒಂದು ವಸ್ತುವಿನ ಹೆಸರಾಯಿತು. ಇಟಾಲಿಯನ್ನಿನಲ್ಲಿ ತ್ರಾಂಪೊಲಿ ಎಂದರೆ ಮರಗಾಲುಗಳು. ನಮ್ಮ ಜಾನಪದ ಮೆರವಣಿಗೆಗಳಲ್ಲಿ ಮರಗಾಲು ಕುಣಿತದವರು ಉದ್ದನೆಯ ಕೋಲುಗಳನ್ನು ಕಾಲಿಗೆ ಕಟ್ಟಿಕೊಂಡು, ಜನರ ತಲೆಗಳ ಮೇಲೆ ತಮ್ಮ ಸೊಂಟ ಕಾಣುವಂತೆ ನಡೆದು ಬರುತ್ತಾರಲ್ಲ, ಅದೇ ಸಾಧನ. ಮೆಟ್ಟುವುದು ಎಂಬ ಕ್ರಿಯೆಯಿಂದ, ಮೆಟ್ಟಿ ನಿಲ್ಲುವ ವಸ್ತುವಿಗೆ ಹೆಸರು ಬಂದದ್ದು ಸಹಜವೇ. ಈ ತ್ರಾಂಪೊಲಿ ಎಂಬುದಕ್ಕೆ ಇಟಾಲಿಯನ್ನರು ತಮ್ಮ ಮುದ್ದಿನ ಪ್ರತ್ಯಯವಾದ ‘ಇನೊ’ ಸೇರಿಸಿದಾಗ ತ್ರಾಂಪೊಲಿನೊ ಆಯಿತು. ಅದರ ಅರ್ಥ ಮರಗಾಲಲ್ಲ. ಆಟಗಾರರು ಓಡಿ ಬಂದು ಕಾಲೂರಿ ನೆಗೆಯುವ ಚಿಮ್ಮುಹಲಗೆ. ಮರಗಾಲಿನಿಂದ ಹಲಗೆಗೆ ಅರ್ಥ ದಾಟಿದ್ದು ನನಗೆ ಅಷ್ಟೇನೂ ದೂರದ ನೆಗೆತವೆಂದು ತೋರುವುದಿಲ್ಲ. ದೇವರು ಕೊಟ್ಟ ಕಾಲಿನ ಅಳತೆಯನ್ನು ಮೀರಿ ಮನುಷ್ಯನನ್ನು ಎತ್ತರಕ್ಕೆ ಒಯ್ಯುವ ಮರ ಎರಡೂ ಕಡೆ ಇದೆ. ಎರಡನ್ನೂ ಬಳಸುತ್ತಿದ್ದವರು ಸಂತೆ ಮೈದಾನಗಳಲ್ಲಿ ಕಸರತ್ತು ತೋರಿಸುತ್ತಿದ್ದ ಒಂದೇ ಗುಂಪಿನ ಕಲಾವಿದರು.

ಆ ಕಾಲದ ಯುರೋಪಿನಲ್ಲಿ ಲಾಗ ಹಾಕುವ ವಿದ್ಯೆಗೆ ಇಟಲಿಯೇ ಗುರುಮನೆ. ಇಂದಿಗೂ ಜಿಮ್ನಾಸ್ಟಿಕ್ಸ್‌ನಲ್ಲಿ ಗಾಳಿಯಲ್ಲಿ ಹಾಕುವ ಲಾಗಕ್ಕೆ ಸಾಲ್ಟೊ ಎಂಬ ಇಟಾಲಿಯನ್ ಹೆಸರೇ ನಡೆಯುತ್ತಿದೆ. 16ನೆಯ ಶತಮಾನದಲ್ಲಿ ಆರ್ಕಾಂಜೆಲೊ ತುಕ್ಕಾರೊ ಎಂಬ ಇಟಾಲಿಯನ್ ಲಾಗಗಾರ ಫ್ರಾನ್ಸಿನ ರಾಜ ಒಂಬತ್ತನೆಯ ಚಾರ್ಲ್ಸ್‌ನ ಆಸ್ಥಾನದಲ್ಲಿದ್ದ. 1599ರಲ್ಲಿ ಪ್ಯಾರಿಸ್‌ನಲ್ಲಿ ನೆಗೆತದ ಕಲೆಯನ್ನು ಕುರಿತು ಸಂವಾದ ರೂಪದ ಒಂದು ಗ್ರಂಥವನ್ನು ಚಿತ್ರಗಳ ಸಮೇತ ಅಚ್ಚು ಹಾಕಿಸಿದ. ಇಂಥವರ ಜೊತೆಯಲ್ಲಿ ಅವರ ಪದಗಳೂ ಗಡಿ ದಾಟಿದವು. ಫ್ರಾನ್ಸಿಗೆ ಹೋದ ತ್ರಾಂಪೊಲಿನೊ ಅಲ್ಲಿ ಸವೆದು ತ್ರಾಂಪ್ಲ್ಯಾಂ ಆಯಿತು, ಅಲ್ಲಿಂದ ರಷ್ಯಾಕ್ಕೆ ಹೋಗಿ ತ್ರಾಂಪ್ಲಿನ್ ಆಯಿತು. ಸ್ಪೇನಿನಲ್ಲಿ ತ್ರಾಂಪೊಲಿನ್ ಎಂದು ನೆಲೆಸಿತು. ಇಂಗ್ಲಿಷಿನಲ್ಲಿ 1798ರ ಹೊತ್ತಿಗೇ ಟ್ರ್ಯಾಂಪೊಲಿನ್ ಎಂಬ ರೂಪ ಕಾಣಿಸಿಕೊಂಡಿದೆ.

ಇಂಗ್ಲಿಷಿನ ಈ ಹಳೆಯ ಬಳಕೆಗೆ ಬಹಳ ಒಳ್ಳೆಯ ಒಂದು ದಾಖಲೆ ಇದೆ. 1843ರ ಫೆಬ್ರವರಿ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಪಾಬ್ಲೊ ಫಾಂಕ್ ಎಂಬ ಕಪ್ಪು ವರ್ಣದ ಸರ್ಕಸ್ ಮಾಲೀಕ ನಡೆಸಿದ ಪ್ರದರ್ಶನದ ಭಿತ್ತಿಪತ್ರ ಅದು. ಹೆಂಡರ್ಸನ್ ಎಂಬ ಕಲಾವಿದ ಮನುಷ್ಯರ ಮೇಲಿಂದ, ಕುದುರೆಗಳ ಮೇಲಿಂದ, ಬಳೆಗಳ ಮೂಲಕ, ಕೊನೆಗೆ ನಿಜವಾಗಿಯೂ ಉರಿಯುವ ಬೆಂಕಿಯ ಪೀಪಾಯಿಯ ಮೂಲಕ ‘ಟ್ರ್ಯಾಂಪೊಲಿನ್ ನೆಗೆತ’ಗಳನ್ನು ತೋರಿಸುವನೆಂದು ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದೆ. ಕುದುರೆಗಳ ಸಾಲಿನ ಮೇಲಿಂದ ಮುಂದಕ್ಕೆ ಹಾರಬೇಕಾದವನಿಗೆ ಬೇಕಾದದ್ದು ಓಡಿ ಬಂದು ಮೆಟ್ಟುವ ಹಲಗೆಯೇ ಹೊರತು, ನಿಂತಲ್ಲೇ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುವ ಹಾಸಲ್ಲ.

ಇಲ್ಲಿ ಒಂದು ಕಟ್ಟುಕತೆಯ ವಿಚಾರವನ್ನೂ ಹೇಳಬೇಕು, ಏಕೆಂದರೆ ಅದು ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಒಂದಾನೊಂದು ಕಾಲದಲ್ಲಿ ಫ್ರಾನ್ಸಿನಲ್ಲಿ ದು ತ್ರಾಂಪೊಲಿನ್ ಎಂಬ ಸರ್ಕಸ್ ಕಲಾವಿದನಿದ್ದನಂತೆ; ಟ್ರಪೀಜ್ ಉಯ್ಯಾಲೆಯಿಂದ ಕೆಳಗೆ ಬೀಳುವವರನ್ನು ಹಿಡಿಯುವ ರಕ್ಷಣೆಯ ಬಲೆಯೇ ಮನುಷ್ಯನನ್ನು ಮತ್ತೆ ಮೇಲಕ್ಕೆ ಎಸೆಯುವುದನ್ನು ಗಮನಿಸಿ, ಬಲೆಯನ್ನು ಚಿಕ್ಕದು ಮಾಡಿ ಈ ಸಾಧನವನ್ನು ಕಂಡುಹಿಡಿದನಂತೆ; ಅವನ ಹೆಸರೇ ಅದಕ್ಕೆ ಬಂದಿತಂತೆ. ಈ ಹೆಸರಿನ ಮನುಷ್ಯ ಇದ್ದನೆಂಬುದಕ್ಕೆ ಒಂದು ಕಾಗದದ ತುಣುಕೂ ಸಿಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಲದ ಲೆಕ್ಕವೇ ಈ ಕತೆಗೆ ಎದುರಾಗಿ ನಿಲ್ಲುತ್ತದೆ. ಒಂದು ಉಯ್ಯಾಲೆಯಿಂದ ಇನ್ನೊಂದಕ್ಕೆ ಹಾರುವ ಟ್ರಪೀಜ್ ಆಟವನ್ನು ಜ್ಯೂಲ್ ಲಿಯೊತಾರ್ ಪ್ಯಾರಿಸ್ಸಿನ ಜನರ ಮುಂದೆ ಮೊದಲು ಪ್ರದರ್ಶಿಸಿದ್ದು 1859ರ ನವೆಂಬರ್‌ನಲ್ಲಿ. ಪದವಾದರೋ ಅದಕ್ಕೆ 60 ವರ್ಷ ಮೊದಲೇ ಇಂಗ್ಲಿಷ್ ಬರಹದಲ್ಲಿತ್ತು. ಬಲೆಗಿಂತ ಹಳೆಯದಾದ ಹೆಸರು ಬಲೆಯಿಂದ ಹುಟ್ಟಲು ಸಾಧ್ಯವಿಲ್ಲ. ಪದದ ಮೂಲ ತಿಳಿಯದಿದ್ದಾಗ ಒಬ್ಬ ಮನುಷ್ಯನನ್ನು ಸೃಷ್ಟಿಸಿ ಅವನ ತಲೆಗೆ ಕಟ್ಟುವ ಅಭ್ಯಾಸ ಎಲ್ಲ ಭಾಷೆಯವರಿಗೂ ಇದೆ. ನಮ್ಮ ಊರುಗಳ ಹೆಸರುಗಳಿಗೂ ಇಂಥ ಕತೆಗಳು ಅಂಟಿಕೊಂಡಿವೆ. ಅವು ಕೇಳಲು ಹಿತವಾಗಿರುತ್ತವೆ, ಆದರೆ ಪದದ ನಿಜವಾದ ಪಯಣವನ್ನು ಮುಚ್ಚಿಬಿಡುತ್ತವೆ ಎಂಬುದೇ ನನ್ನ ಕೊರಗು.

ಆದರೂ ಬಲೆಯ ಮಾತಿನಲ್ಲಿ ಒಂದು ಎಳೆ ನಿಜ. ಅದು ಪದಕ್ಕೆ ಸಂಬಂಧಿಸಿದ್ದಲ್ಲ, ವಸ್ತುವಿಗೆ ಸಂಬಂಧಿಸಿದ್ದು. ಅಮೆರಿಕದ ಅಯೋವಾ ರಾಜ್ಯದಲ್ಲಿ 1914ರಲ್ಲಿ ಹುಟ್ಟಿದ ಜಾರ್ಜ್ ನಿಸೆನ್ ಎಂಬ ಹುಡುಗ, ಸರ್ಕಸ್ಸಿನಲ್ಲಿ ಟ್ರಪೀಜ್ ಕಲಾವಿದರು ಆಟದ ಕೊನೆಗೆ ಬಲೆಗೆ ಧುಮುಕುವುದನ್ನು ನೋಡಿದ. ಬಲೆಗೆ ಬಿದ್ದೊಡನೆ ಆಟ ಮುಗಿದುಹೋಗುತ್ತದಲ್ಲ, ಬಲೆ ಅವರನ್ನು ಮತ್ತೆ ಮೇಲಕ್ಕೆ ಎಸೆಯುವಂತಿದ್ದರೆ ಆಟ ಮುಂದುವರಿಯಬಹುದಿತ್ತಲ್ಲ ಎಂದು ಅವನಿಗೆ ಹೊಳೆಯಿತು. 16 ವರ್ಷದ ಪ್ರಾಯದಲ್ಲಿ, 1930ರಲ್ಲಿ, ಸೀಡರ್ ರಾಪಿಡ್ಸ್ ಊರಿನ ತನ್ನ ಹೆತ್ತವರ ಗ್ಯಾರೇಜಿನಲ್ಲಿ ಅವನು ಉಕ್ಕಿನ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆಯನ್ನು ಬಿಗಿದು ನೋಡಿದ. ಅದನ್ನು ಅವನು ಕರೆದದ್ದು ‘ಬೌನ್ಸಿಂಗ್ ರಿಗ್’ ಎಂದು, ಎಂದರೆ ಪುಟಿಯುವ ಸಜ್ಜು. ಮುಂದೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತ, ಲಾಗದ ಸ್ಪರ್ಧೆಯಲ್ಲಿ ಅಮೆರಿಕದ ಕಾಲೇಜುಗಳ ಚಾಂಪಿಯನ್ ಪಟ್ಟವನ್ನು ಮೂರು ಸಲ ಗೆದ್ದ. ಅಲ್ಲಿಯ ತರಬೇತುದಾರ ಲ್ಯಾರಿ ಗ್ರಿಸ್‌ವೋಲ್ಡ್ ಜೊತೆ ಸೇರಿ, 1930ರ ದಶಕದ ಮಧ್ಯದಲ್ಲಿ, ಕೋನಾಕಾರದ ಕಬ್ಬಿಣದ ಪಟ್ಟಿಗಳ ಚೌಕಟ್ಟು, ಅಂಚಿನುದ್ದಕ್ಕೂ ಲೋಹದ ಕಣ್ಣುಗಳನ್ನು ಕೂರಿಸಿದ ಕ್ಯಾನ್ವಾಸ್, ಆ ಕಣ್ಣುಗಳಿಗೆ ಸಿಕ್ಕಿಸಿದ ಸುರುಳಿ ಸ್ಪ್ರಿಂಗ್ ಇವುಗಳಿಂದ ಇಂದಿನ ಟ್ರ್ಯಾಂಪೊಲಿನ್ನಿನ ಮೂಲ ಮಾದರಿಯನ್ನು ಕಟ್ಟಿದ. ವಸ್ತು ಸಿದ್ಧವಾಗಿತ್ತು. ತಕ್ಕ ಹೆಸರು ಇನ್ನೂ ಇರಲಿಲ್ಲ.

ಹೆಸರು ಸಿಕ್ಕಿದ್ದು ಮೆಕ್ಸಿಕೊದಲ್ಲಿ. 1937ರಲ್ಲಿ ನಿಸೆನ್ ಇಬ್ಬರು ಗೆಳೆಯರೊಡನೆ ‘ತ್ರೀ ಲಿಯೊನಾರ್ಡೋಸ್’ ಎಂಬ ಹೆಸರಿನಲ್ಲಿ ಕಸರತ್ತಿನ ಪ್ರದರ್ಶನ ನೀಡುತ್ತ ಆ ದೇಶದಲ್ಲಿ ತಿರುಗುತ್ತಿದ್ದ. ಅಲ್ಲಿ ಸ್ಪ್ಯಾನಿಷ್ ಮಾತಾಡುವವರು ಈಜುಕೊಳಕ್ಕೆ ಧುಮುಕುವ ಚಿಮ್ಮುಹಲಗೆಯನ್ನು ‘ಎಲ್ ತ್ರಾಂಪೊಲಿನ್’ ಎನ್ನುವುದು ಅವನ ಕಿವಿಗೆ ಬಿತ್ತು. ಅವನು ಸ್ವತಃ ಡೈವಿಂಗ್ ಬಲ್ಲವನಾದ್ದರಿಂದ ಆ ಪದ ಅವನ ಮನಸ್ಸಿಗೆ ನಾಟಿರಬೇಕು. ಅದರ ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರವೊಂದನ್ನು ಸೇರಿಸಿ ತನ್ನ ಸಾಧನಕ್ಕೆ ಇಟ್ಟು, ಅದನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಿದ. ಹೀಗೆ ಸರ್ಕಸ್ ಹಲಗೆಯ ಹೆಸರಾಗಿ ಇಂಗ್ಲಿಷಿಗೆ ಒಮ್ಮೆ ಬಂದಿದ್ದ ಪದವೇ, 140 ವರ್ಷಗಳ ಬಳಿಕ, ಮೆಕ್ಸಿಕೊದ ಈಜುಕೊಳದ ದಾರಿಯಾಗಿ ಇನ್ನೊಂದು ಅರ್ಥ ಹೊತ್ತು ಅದೇ ಭಾಷೆಗೆ ಎರಡನೆಯ ಸಲ ಬಂದಿತು.

ನಿಸೆನ್ ತನ್ನ ಸಾಧನವನ್ನು ಊರೂರಿಗೆ ಒಯ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರಿಗೆ ಗಾಳಿಯಲ್ಲಿ ದಿಕ್ಕಿನ ಅರಿವು ಕೆಡದಂತೆ ತರಬೇತಿ ನೀಡಲು ಅದನ್ನು ಬಳಸಿದರು. 1960ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅವನು ಒಂದು ಕಾಂಗರೂವಿನ ಜೊತೆ ಟ್ರ್ಯಾಂಪೊಲಿನ್ ಮೇಲೆ ಚಿಮ್ಮುತ್ತಿರುವ ಛಾಯಾಚಿತ್ರ ಪ್ರಸಿದ್ಧವಾಯಿತು. 1964ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ವಸ್ತು ಜನಪ್ರಿಯವಾದಷ್ಟೂ ಹೆಸರು ಅದನ್ನು ಇಟ್ಟವನ ಕೈಯಿಂದ ಜಾರಿತು. ವ್ಯಾಪಾರಮುದ್ರೆ ಅವನದಾಗಿದ್ದಷ್ಟು ದಿನ ಬೇರೆಯವರು ಈ ಆಟವನ್ನು ‘ರಿಬೌಂಡ್ ಟಂಬ್ಲಿಂಗ್’ ಎಂದು ಕರೆಯಬೇಕಾಗಿತ್ತು. ಆದರೆ ಜನರು ಯಾರು ತಯಾರಿಸಿದ್ದನ್ನಾದರೂ ಟ್ರ್ಯಾಂಪೊಲಿನ್ ಎಂದೇ ಕರೆದು, ಆ ಪದವನ್ನು ಎಲ್ಲರ ಪದವಾಗಿಸಿಬಿಟ್ಟರು. ಭಾಷೆಯ ಮೇಲೆ ಬೀಗ ಹಾಕಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತೋಚದು. ನಿಸೆನ್‌ಗೆ ಇದರಿಂದ ನಷ್ಟವಾಗಿರಬಹುದು. ಆದರೆ ತಾನು ಕಟ್ಟಿದ ಆಟವನ್ನು ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಣ್ಣಾರೆ ನೋಡುವ ಭಾಗ್ಯ ಅವನಿಗೆ ದೊರೆಯಿತು. 2010ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡ.

ಹೆಸರು ಕೊಟ್ಟ ಭಾಷೆಗೇ ಆ ಹೆಸರು ಹೊಸ ಅರ್ಥದಲ್ಲಿ ಹಿಂತಿರುಗಿ ಹೋಗಲು ತೊಡಕಾದದ್ದು ಈ ಪಯಣದ ಇನ್ನೊಂದು ಅಧ್ಯಾಯ. ಸ್ಪ್ಯಾನಿಷ್‌ನಲ್ಲಿ ತ್ರಾಂಪೊಲಿನ್ ಎಂದರೆ ಇಂದಿಗೂ ಮೊದಲು ನೆನಪಾಗುವುದು ಈಜುಕೊಳದ ಹಲಗೆಯೇ. ಆದ್ದರಿಂದ ನಿಸೆನ್ ಕಟ್ಟಿದ ಸಾಧನಕ್ಕೆ ಅವರು ಕಾಮಾ ಎಲಾಸ್ತಿಕಾ, ಅಂದರೆ ಪುಟಿಯುವ ಹಾಸಿಗೆ ಎಂಬ ಹೆಸರು ಕಟ್ಟಿಕೊಂಡರು. ಪದದ ತವರಾದ ಇಟಲಿಯವರು ಅದನ್ನು ತಪ್ಪೇತೊ ಎಲಾಸ್ತಿಕೊ, ಪುಟಿಯುವ ಜಮಖಾನ, ಎಂದರು. ಚೀನೀಯರು ನೆಗೆಯುವ ಮಂಚ ಎಂದರು. ಫ್ರೆಂಚರದು ಬೇರೆಯೇ ದಾರಿ: ಹಲಗೆಗೆ ತಮ್ಮ ಹಳೆಯ ತ್ರಾಂಪ್ಲ್ಯಾಂ ಪದವನ್ನು ಉಳಿಸಿಕೊಂಡು, ಹಾಸಿನ ಸಾಧನಕ್ಕೆ ಇಂಗ್ಲಿಷಿನಿಂದ ಟ್ರ್ಯಾಂಪೊಲಿನ್ ಪದವನ್ನು ಪಡೆದರು. ಒಂದೇ ತಾಯಿಯ ಎರಡು ಮಕ್ಕಳು ಬೇರೆ ಬೇರೆ ಬಾಗಿಲಿನಿಂದ ಒಂದೇ ಮನೆಗೆ ಬಂದಂತಾಯಿತು.

ಇನ್ನು ಆರಂಭದಲ್ಲಿ ಹೇಳಿದ ರಷ್ಯನ್ನರ ಬಾತುತ್. ಅದೂ ಸರ್ಕಸ್ ಜನರ ಜೊತೆ ಬಂದ ಪದವೇ. ಫ್ರೆಂಚಿನ ಬಾತೂದ್, ಅದರ ಹಿಂದೆ ಇಟಾಲಿಯನ್ನಿನ ಬತ್ತೂತಾ. ಅದರ ಅರ್ಥ ಹೊಡೆತ, ಬಡಿತ. ಬೇರು ಬೇರೆಯಾದರೂ ಭಾವ ಒಂದೇ ಎಂಬುದನ್ನು ಗಮನಿಸಬೇಕು. ಮನುಷ್ಯನನ್ನು ಮೇಲಕ್ಕೆ ಚಿಮ್ಮಿಸುವ ಸಾಧನಕ್ಕೆ ಸರ್ಕಸ್ಸಿನ ಜನ ಎರಡು ಹೆಸರು ಕೊಟ್ಟರು. ಒಂದರಲ್ಲಿ ತುಳಿತ, ಇನ್ನೊಂದರಲ್ಲಿ ಬಡಿತ. ಎರಡರಲ್ಲಿಯೂ ಹಾರುವ ಮಾತಿಲ್ಲ, ಏರುವ ಮಾತಿಲ್ಲ. ದಿನವೂ ಆ ಹಲಗೆಯ ಮೇಲೆ ಕಾಲಿಟ್ಟು ಬದುಕಿದವರು, ನೋಡುವವರ ಕಣ್ಣು ಗಾಳಿಯಲ್ಲಿದ್ದಾಗ ತಮ್ಮ ಕಣ್ಣನ್ನು ಪಾದದ ಕಡೆ ಇಟ್ಟು ಹೆಸರಿಟ್ಟಿದ್ದಾರೆ. ಜಾತ್ರೆಯಲ್ಲಿ ‘ಹಾರಬೇಡ, ಮೆಟ್ಟು’ ಎಂದ ಮಾಲೀಕನಿಗೆ ಇಟಾಲಿಯನ್ನಾಗಲಿ ಗೋಥಿಕ್ಕಾಗಲಿ ಬೇಕಿರಲಿಲ್ಲ.

ಅವನಾಡಿದ ಆ ಕನ್ನಡ ಪದದ ಬಳಗವನ್ನು ನೋಡಿದರೆ ಯುರೋಪಿನ ಪಯಣ ನಮಗೆ ಇನ್ನೂ ಹತ್ತಿರವಾಗುತ್ತದೆ. ಮೆಟ್ಟು ಎಂದರೆ ತುಳಿ. ತುಳಿದು ನಡೆಯುವ ಪಾದರಕ್ಷೆಯೂ ಮೆಟ್ಟು. ತುಳಿದು ಏರುವುದು ಮೆಟ್ಟಿಲು. ಕಷ್ಟವನ್ನು ಮೆಟ್ಟಿ ನಿಂತ ಎಂದಾಗ ಗೆಲುವು ಬಂದಿತು; ದೆವ್ವ ಮೆಟ್ಟಿಕೊಂಡಿತು ಎಂದಾಗ ಸೋಲು ಬಂದಿತು. ಇನ್ನು ಮರಗಾಲಿಗೆ ನಮ್ಮಲ್ಲಿರುವ ಇನ್ನೊಂದು ಹೆಸರು ಮೆಟ್ಟುಗಾಲು. ತುಳಿಯುವುದು ಎಂಬ ಜರ್ಮಾನಿಕ್ ಬೇರಿನಿಂದ ಇಟಾಲಿಯನ್ನರು ಮರಗಾಲಿನ ಹೆಸರನ್ನು ಪಡೆದಂತೆ, ನಾವೂ ತುಳಿಯುವ ಮೆಟ್ಟಿನಿಂದಲೇ ಮೆಟ್ಟುಗಾಲು ಎಂಬ ಹೆಸರನ್ನು ಪಡೆದಿದ್ದೇವೆ. ಎರಡು ಭಾಷೆಗಳ ನಡುವೆ ಯಾವ ನಂಟೂ ಇಲ್ಲ. ಆದರೂ ಎರಡೂ ಒಂದೇ ಹೆಜ್ಜೆಯನ್ನು ಇಟ್ಟಿವೆ.

ಇಷ್ಟೇ ಅಲ್ಲ. ಇಟಾಲಿಯನ್ನಿನಲ್ಲಿ ತ್ರಾಂಪೊಲಿಯೇರಿ ಎಂಬ ಮಾತಿದೆ. ಉದ್ದನೆಯ ಕಾಲೂರಿ ಕೆಸರು ನೀರಿನಲ್ಲಿ ನಡೆಯುವ ನೀರುಹಕ್ಕಿಗಳ ಗುಂಪಿಗೆ ಅವರು ಕೊಟ್ಟ ಹೆಸರು ಅದು, ಮರಗಾಲಿನವರು ಎಂಬ ಅರ್ಥದಲ್ಲಿ. ನಮ್ಮ ಕೆರೆಗಳ ಅಂಚಿನಲ್ಲಿ ಕಪ್ಪು ಬೆನ್ನು, ಬಿಳಿ ಎದೆ, ಸೂಜಿಯಂಥ ಕೊಕ್ಕು, ಮೈಗೆ ಹೊಂದದಷ್ಟು ಉದ್ದನೆಯ ಗುಲಾಬಿ ಬಣ್ಣದ ಕಾಲುಗಳುಳ್ಳ ಒಂದು ಹಕ್ಕಿ ಮೊಣಕಾಲುದ್ದ ನೀರಿನಲ್ಲಿ ನಿಂತಿರುವುದನ್ನು ತಾವು ನೋಡಿರಬಹುದು. ಅದು ಒಂದು ಕಾಲನ್ನು ನೀರಿನಿಂದ ಪೂರ್ತಿ ಮೇಲೆತ್ತಿ, ಬೆರಳುಗಳನ್ನು ಮಡಚಿ, ಮುಂದಕ್ಕೆ ಚಾಚಿ, ಮತ್ತೆ ನಿಧಾನವಾಗಿ ಕೆಸರಿಗೆ ಊರುತ್ತದೆ. ಅನಂತರವೇ ಇನ್ನೊಂದು ಕಾಲು ಏಳುತ್ತದೆ. ಕನ್ನಡದ ಹಕ್ಕಿಪಟ್ಟಿಗಳಲ್ಲಿ ಅದರ ಹೆಸರು ಮೆಟ್ಟುಗಾಲು ಹಕ್ಕಿ.

ನಮಸ್ಕಾರ.